ಮೈಕ್ ಬದಲಿಸುವ ಮೊದಲು ಅರ್ಥಿಂಗ್ ನೋಡಿ

ಮಾನ್ಯರೇ,

ಮನೆಯಲ್ಲೇ ರೆಕಾರ್ಡಿಂಗ್ ಸ್ಟುಡಿಯೊ ಮಾಡಿಕೊಳ್ಳುವುದು ಹೇಗೆ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಯಾವ ಮೈಕ್, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಡಬ್ಬಿ ಅಂದರೆ ಇಂಟರ್‌ಫೇಸ್ ಯಾವುದು, ಗೋಡೆಗೆ ಎಷ್ಟು ದಪ್ಪದ ಫೋಮ್, ಎಲ್ಲ ಇತ್ತು. ಆದರೆ ಇಷ್ಟನ್ನೂ ಸಿಕ್ಕಿಸುವ ಗೋಡೆಯ ಪ್ಲಗ್ ಪಾಯಿಂಟಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಗೊತ್ತಿಲ್ಲದೆ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡೆ, ದುಡ್ಡೂ ಕಳೆದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ಹಾಕಿ, ಅರ್ಥಿಂಗ್ (ಸೋರುವ ಕರೆಂಟನ್ನು ವೈರಿನ ಮೂಲಕ ನೆಲಕ್ಕೆ ಇಳಿಸುವ ವ್ಯವಸ್ಥೆ) ಬಗ್ಗೆ ಬರೆದ ಭಾಗ ಮಾತ್ರ ಉಳಿಸಿ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೈಸೂರಿನಲ್ಲಿ ಮನೆ. ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕದ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ. ಮಹಡಿ ಮೇಲೆ ಒಂದು ಚಿಕ್ಕ ರೂಮಿದೆ, ಮನೆ ಕಟ್ಟಿ ಎಷ್ಟೋ ವರ್ಷವಾದ ಮೇಲೆ ಸೇರಿಸಿದ್ದು. ಅದೇ ನನ್ನ ಸ್ಟುಡಿಯೊ. ಒಂದು ಮೈಕ್, ಒಂದು ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್, ಮೂಲೆಯಲ್ಲಿ ಚಳಿಗಾಲದ ಹಾಸಿಗೆ ಕಂಬಳಿಗಳ ರಾಶಿ. ಆ ರಾಶಿಯಿಂದಾಗಿ ರೂಮಿನಲ್ಲಿ ಪ್ರತಿಧ್ವನಿ ಇಲ್ಲ, ಯಾವ ಫೋಮೂ ಬೇಡ.

ಇಪ್ಪತ್ತು ಪಾಠ ಕಳಿಸಿದ ಮೇಲೆ ಒಬ್ಬ ಹುಡುಗಿ ಫೋನ್ ಮಾಡಿದಳು. "ಸರ್, ನೀವು ಓದುವಾಗ ಹಿಂದೆ ಯಾರೋ ತಂಬೂರಿ ಮೀಟ್ತಾರಲ್ವಾ?" ಅಂದಳು. ಇಲ್ಲಮ್ಮಾ, ಮೇಲೆ ನಾನೊಬ್ಬನೇ ಅಂದೆ. "ಐದರ ಶ್ರುತಿ ಸರ್, ಆದ್ರೆ ಸ್ವಲ್ಪ ಏರಿದೆ" ಅಂದಳು. ಸಂಗೀತ ಕಲಿಯುವ ಹುಡುಗಿ. ನನಗೆ ನಗು ಬಂತು. ಆಮೇಲೆ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಎರಡು ವಾಕ್ಯಗಳ ನಡುವಿನ ಖಾಲಿ ಜಾಗ ಕೇಳಿದೆ. ಗುಂಯ್ ಅನ್ನುತ್ತಿತ್ತು. ಅರವತ್ತು ದಾಟಿದ ನನ್ನ ಕಿವಿಗೆ ಇಷ್ಟು ದಿನ ಅದು ಬಿದ್ದೇ ಇರಲಿಲ್ಲ.

ಅವಳು ಹೇಳಿದ್ದು ಎಷ್ಟು ಸರಿ ಎಂದು ಗೊತ್ತಾದದ್ದು ಮುಂದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಅದು ಆಡಿಯೊ ವೈರಿಗೆ ನುಸುಳಿದರೆ 50 ಹರ್ಟ್ಜ್‌ನ ಸದ್ದು, ಅದರ ಜೊತೆ 100, 150, 200 ಹೀಗೆ ಅದರ ಮರಿಗಳು. ಐದರ ಶ್ರುತಿಯ ಕೆಳಗಿನ ಷಡ್ಜ ಸುಮಾರು 98 ಹರ್ಟ್ಜ್. ನನ್ನ ರೂಮಿನ ತಂಬೂರಿ 100. ಏರಿದೆ ಅಂದಳಲ್ಲ, ಅಷ್ಟೇ ಏರಿತ್ತು.

ಮೊದಲು ಮಾಡಿದ್ದೆಲ್ಲ ತಪ್ಪು ಕೆಲಸ. ಮೈಕ್ ಕೆಟ್ಟಿದೆ ಎಂದುಕೊಂಡು ಇನ್ನೂ ದುಬಾರಿಯ ಮೈಕ್ ತಂದೆ. ಸದ್ದು ಹಾಗೇ ಇತ್ತು, ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಅಮೆರಿಕದಲ್ಲಿರುವ ತಂಗಿಯ ಮಗ "ಮಾವ, ಸಾಫ್ಟ್‌ವೇರ್‌ನಲ್ಲಿ ಒಂದು ಫಿಲ್ಟರ್ ಹಾಕಿ, ಮಾಯ" ಅಂತ ಸೆಟ್ಟಿಂಗ್ ಕಳಿಸಿದ. ಹಾಕಿದೆ. ಏನೂ ಆಗಲಿಲ್ಲ. ಯಾಕೆಂದರೆ ಅವನ ಊರಿನ ಕರೆಂಟು 60 ಹರ್ಟ್ಜ್, ಆ ಫಿಲ್ಟರ್ 60, 120, 180ನ್ನು ಕತ್ತರಿಸುತ್ತಿತ್ತು, ನಮ್ಮ ಸದ್ದು ಅದರ ಪಕ್ಕದಲ್ಲೇ ಆರಾಮಾಗಿ ಕೂತಿತ್ತು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಎಷ್ಟೋ ಆ ಕಡೆಯವು, ನಮ್ಮವರು ಇದನ್ನು ನೋಡಿಕೊಳ್ಳಬೇಕು. ಸರಿ, 50ಕ್ಕೆ ಬದಲಿಸಿದೆ. ಸದ್ದು ಹೋಯಿತು, ಜೊತೆಗೆ ನನ್ನ ದನಿಯ ಗಟ್ಟಿತನವೂ ಹೋಯಿತು. ಗಂಡಸಿನ ದನಿಯ ಬುಡ ಇರುವುದೇ 100ರ ಆಸುಪಾಸಿನಲ್ಲಿ, ಅದನ್ನು ಕೊರೆದು ತೆಗೆದರೆ ಉಳಿಯುವುದು ಖಾಲಿ ಕೊಡದೊಳಗಿಂದ ಮಾತಾಡಿದ ಹಾಗಿನ ದನಿ. ಹೀಗೆ ಓದಿದ ಪಾಠವನ್ನು ಮಕ್ಕಳು ಗಂಟೆಗಟ್ಟಲೆ ಕೇಳಬೇಕು ತಾನೇ?

ಆಗ ತಂಗಿಯ ಮಗನೇ ಒಂದು ಒಳ್ಳೆಯ ಮಾತು ಹೇಳಿದ. "ಮಾವ, ಸದ್ದು ಅಳಿಸೋದು ಬಿಡಿ. ಎಲ್ಲಿಂದ ಬರ್ತಿದೆ ಹುಡುಕಿ."

ಮೊದಲನೆಯ ಪರೀಕ್ಷೆ ತೀರಾ ಸುಲಭ. ಮೈಕನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ರೆಕಾರ್ಡ್ ಮಾಡಿ. ಸದ್ದು ಕಡಿಮೆಯಾದರೆ ಅದು ಗಾಳಿಯಲ್ಲಿ ಬರುವ ಸದ್ದು, ಫ್ಯಾನು, ಫ್ರಿಜ್ಜು, ಬೀದಿ. ಹಾಗೇ ಉಳಿದರೆ ಅದು ಹೆಚ್ಚಾಗಿ ವೈರಿನಲ್ಲಿ ಬರುವ ಸದ್ದು. ಗೋಡೆಗೆ ಎಷ್ಟು ಫೋಮ್ ಅಂಟಿಸಿದರೂ, ಅಂಗಡಿಯಲ್ಲಿ ಬೇಡಿ ತಂದ ಮೊಟ್ಟೆ ಟ್ರೇ ಹೊಡೆದರೂ ಅದು ಹೋಗುವುದಿಲ್ಲ. ನನ್ನದು ಹಾಗೇ ಉಳಿಯಿತು.

ಎರಡನೆಯದು ಕಣ್ಣಿಂದ ನೋಡುವುದು. ಆಡಾಸಿಟಿ ಎನ್ನುವ ಉಚಿತ ಸಾಫ್ಟ್‌ವೇರ್ ಇದೆ. ಸುಮ್ಮನಿದ್ದು ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಅದನ್ನು ಆಯ್ದುಕೊಂಡು, ಅನಲೈಜ಼್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿದರೆ ಗುಡ್ಡಬೆಟ್ಟದ ಹಾಗೆ ಚಿತ್ರ ಬರುತ್ತದೆ. 50ರಲ್ಲಿ ಒಂದೇ ದೊಡ್ಡ ಶಿಖರ ಇದ್ದರೆ ಸಾಮಾನ್ಯವಾಗಿ ಅರ್ಥ್ ಗೊಂದಲ, ಇಲ್ಲವೇ ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್. 100ರಿಂದ ಮೇಲಕ್ಕೆ ಬಾಚಣಿಗೆ ಹಲ್ಲಿನ ಹಾಗೆ ಸಾಲುಸಾಲು ಇದ್ದರೆ ದೀಪದ ಬೆಳಕು ತಗ್ಗಿಸುವ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಚಾರ್ಜರ್ ಇಂಥವು. ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲನೆಯದು ಗುಂಯ್, ಎರಡನೆಯದು ಝರ್ರ್. ಮೌಸ್ ಆಡಿಸಿದರೆ ಕೀ ಅಂತ ದನಿ ಬದಲಾದರೆ ಅದು ಲ್ಯಾಪ್‌ಟಾಪಿನ ಒಳಗಿಂದ ಯುಎಸ್‌ಬಿ ವೈರಿನಲ್ಲಿ ಬರುವುದು. ಬರೀ ಸುಯ್ ಅಂದರೆ ಅದು ಕರೆಂಟಿನ ದೋಷವೇ ಅಲ್ಲ, ನೀವು ಮೈಕಿನಿಂದ ದೂರ ಕೂತು ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಜಾಸ್ತಿ ಮಾಡಿದ್ದೀರಿ ಅಂತ. ನಾಲ್ಕು ಬೆರಳಷ್ಟು ಹತ್ತಿರ ಬನ್ನಿ.

ನನ್ನಲ್ಲಿ ಗುಂಯ್, ಝರ್ರ್ ಎರಡೂ ಇದ್ದವು.

ಮೂರನೆಯದು ನನಗೆ ಬಹಳ ಖುಷಿ ಕೊಟ್ಟ ಕೆಲಸ. ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸಿಸ್ಟರ್ ಇಳಿಸಿ ಸೆಲ್ ಹಾಕಿದೆ. ಮೀಡಿಯಮ್ ವೇವ್‌ನಲ್ಲಿ 612ಕ್ಕೆ ಬೆಂಗಳೂರು ಆಕಾಶವಾಣಿ ಬರುತ್ತದೆ, ಮುಳ್ಳನ್ನು ಅಲ್ಲಿಂದ ಪಕ್ಕಕ್ಕೆ ಸರಿಸಿ ಯಾವ ನಿಲಯವೂ ಇಲ್ಲದ ಜಾಗದಲ್ಲಿ ನಿಲ್ಲಿಸಿ ಮನೆಯೆಲ್ಲ ಸುತ್ತಿದೆ. ಕರೆಂಟಿನ ಕೊಳಕು ಎಲ್ಲಿದೆಯೋ ಅಲ್ಲಿ ರೇಡಿಯೊ ಗೊರಗೊರ ಅನ್ನುತ್ತದೆ. ಮೆಟ್ಟಿಲ ಕೆಳಗಿನ ಅಗ್ಗದ ಎಲ್‌ಇಡಿ ಬಲ್ಬು, ಸೊಳ್ಳೆ ಬ್ಯಾಟಿನ ಚಾರ್ಜರು, ಟಿವಿಯ ಸೆಟ್ ಟಾಪ್ ಬಾಕ್ಸು, ಒಂದೊಂದೇ ಸಿಕ್ಕಿಬಿದ್ದವು. ನನ್ನ ಹೆಂಡತಿ ನನ್ನನ್ನು ನೋಡಿ ಗಣಿ ಇಲಾಖೆಯವರು ಬಂದಿದ್ದಾರೆ ಅಂದಳು. ನಮ್ಮ ಮೈಸೂರಿನಲ್ಲೇ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದ್ದು, ಆಕಾಶವಾಣಿ ಎನ್ನುವ ಹೆಸರೂ ಅದರಿಂದಲೇ ಎಲ್ಲರಿಗೂ ಪರಿಚಯವಾದದ್ದು. ಆಗ ಮನೆಯಲ್ಲಿ ಎಲ್‌ಇಡಿ ಬಲ್ಬೂ ಇರಲಿಲ್ಲ, ಮೊಬೈಲ್ ಚಾರ್ಜರೂ ಇರಲಿಲ್ಲ. ಪುಣ್ಯವಂತರು.

ಮಹಡಿ ರೂಮಿನಲ್ಲಿ ರೇಡಿಯೊ ಜೋರಾಗಿ ಕೂಗಿದ್ದು ಫ್ಯಾನ್ ರೆಗ್ಯುಲೇಟರ್ ಹತ್ತಿರ. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ಅದು. ಕರೆಂಟಿನ ಪ್ರತಿ ಅಲೆಯನ್ನೂ ನಡುವೆ ಕತ್ತರಿಸಿ ಫ್ಯಾನಿಗೆ ಕೊಡುತ್ತದೆ. ಸೆಕೆಂಡಿಗೆ 100 ಸಲ ಹೀಗೆ ಕತ್ತರಿಸುವಾಗ ಆ ಚೂಪಾದ ಅಂಚುಗಳೇ ಝರ್ರ್. ನನ್ನ ಮೈಕಿನ ವೈರು ಆ ಬೋರ್ಡಿನ ಕೆಳಗೇ ಕರೆಂಟ್ ವೈರಿನ ಜೊತೆ ಅಂಟಿಕೊಂಡು ಹೋಗಿತ್ತು, ನೋಡಲು ನೀಟಾಗಿರಲಿ ಎಂದು ನಾನೇ ಟೈ ಹಾಕಿ ಕಟ್ಟಿದ್ದೆ. ಕಟಕಟ ಎಂದು ಹೆಜ್ಜೆಹೆಜ್ಜೆಯಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದೆ, ಮೈಕಿನ ವೈರನ್ನು ಎದುರು ಗೋಡೆಗೆ ಸರಿಸಿದೆ, ಕರೆಂಟ್ ವೈರನ್ನು ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡವಾಗಿ ದಾಟಿಸಿದೆ. ಝರ್ರ್ ಹೋಯಿತು. ಗುಂಯ್ ಉಳಿಯಿತು.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಸ್ಪೀಕರುಗಳನ್ನೂ ಕಿತ್ತು ಬರೀ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದರೆ ಗುಂಯ್ ಅರ್ಧಕ್ಕರ್ಧ ಇಲ್ಲ. ಸಿಕ್ಕಿಸಿದ ತಕ್ಷಣ ಹಾಜರ್. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ, ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿಕೊಂಡು ಇರುತ್ತಾರೆ. ನಾನೂ ನಿಲ್ಲಿಸುತ್ತಿದ್ದೆ. ಆದರೆ ಒಂದು ವಿಷಯ ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಓದುವಾಗ ತುಟಿ ಮೈಕಿನ ಜಾಲರಿಗೆ ತಾಗಿದರೆ ಇರುವೆ ಕಚ್ಚಿದ ಹಾಗೆ ಜುಮ್ ಅನ್ನುತ್ತಿತ್ತು. ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳು ಸವರಿದರೂ ಅದೇ. ಮಳೆಗಾಲ, ತೇವ, ಬರಿಗಾಲು ಎಂದು ಸುಮ್ನೆ ಇದ್ದೆ.

ಎಲೆಕ್ಟ್ರಿಷಿಯನ್ ಕರೆಸಿದೆ. ಬಂದವರು ಟೆಸ್ಟರ್ ಇಟ್ಟು, ದೀಪ ಹತ್ತಿತು, "ಕರೆಂಟ್ ಬರ್ತಿದೆಯಲ್ಲ ಸಾರ್, ಇನ್ನೇನು?" ಅಂದು ಹೊರಟರು. ಹಾಗಾಗಿ ಎರಡನೆಯವರನ್ನು ಕರೆಸಿದೆ, ಸ್ವಲ್ಪ ವಯಸ್ಸಾದವರು, ಕೈಯಲ್ಲಿ ಮೀಟರ್ ಇತ್ತು. ಅವರ ಕೀಪ್ಯಾಡ್ ಫೋನ್ ಒಂದು ಸಲ ನನ್ನ ಸ್ಪೀಕರಿನಲ್ಲಿ ಟಿಟ್ಟಿಟ್ ಟಿಟ್ಟಿಟ್ ಎಂದು ಸದ್ದು ಮಾಡಿತು, ಹಳೆಯ 2ಜಿ ಫೋನುಗಳ ಲಕ್ಷಣ ಅದು, ಸೆಕೆಂಡಿಗೆ 217 ಸಲ ರೇಡಿಯೊ ಆನ್ ಆಫ್ ಆಗುತ್ತದೆ. ಫೋನನ್ನು ಕೆಳಗಿಟ್ಟು ಬನ್ನಿ ಅಂದೆ, ಪಾಪ ಇಟ್ಟು ಬಂದರು. ಆಮೇಲೆ ಅವರು ಅಳೆದದ್ದನ್ನು ಬರೆದುಕೊಂಡಿದ್ದೇನೆ. ಕರೆಂಟು ತರುವ ಫೇಸ್ ವೈರು ಮತ್ತು ಅದು ವಾಪಸ್ ಹೋಗುವ ನ್ಯೂಟ್ರಲ್ ವೈರಿನ ನಡುವೆ 232 ವೋಲ್ಟ್. ಸರಿ. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಬಂದದ್ದು 120. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕು, ಬಂದದ್ದು 110. ಅವರು ಮೀಟರ್ ನೋಡಿದರು, ನನ್ನನ್ನು ನೋಡಿದರು. "ಸಾರ್, ಈ ರೂಮಿಗೆ ಅರ್ಥೇ ಇಲ್ಲ" ಅಂದರು.

ಬೋರ್ಡ್ ಬಿಚ್ಚಿ ನೋಡಿದರೆ ಹಸಿರು ವೈರ್ ಇದೆ! ಮೂರನೆಯ ಪಿನ್ನಿಗೆ ಚೆನ್ನಾಗಿ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅದು ಈ ಬೋರ್ಡಿನಿಂದ ಪಕ್ಕದ ಬೋರ್ಡಿಗೆ ಹೋಗಿದೆ, ಅಲ್ಲಿಂದ ಮೂರನೆಯದಕ್ಕೂ ಹೋಗಿದೆ. ಕೆಳಗೆ ಮೇನ್ ಬೋರ್ಡಿಗೆ ಮಾತ್ರ ಬಂದಿಲ್ಲ. ಮಹಡಿ ಕಟ್ಟಿದಾಗ ವೈರಿಂಗ್ ಮಾಡಿದವರು ಫೇಸ್, ನ್ಯೂಟ್ರಲ್ ಎರಡನ್ನು ಪೈಪಿನಲ್ಲಿ ಮೇಲಕ್ಕೆ ಎಳೆದಿದ್ದಾರೆ, ಹಸಿರನ್ನು ಎಳೆದಿಲ್ಲ. ಫ್ಯಾನ್ ತಿರುಗಿತು, ದೀಪ ಹತ್ತಿತು, ನಾನೂ ದುಡ್ಡು ಕೊಟ್ಟೆ.

ಈಗ ಗುಂಯ್ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಕೇಳಿ. ಲ್ಯಾಪ್‌ಟಾಪ್ ಚಾರ್ಜರ್, ಸ್ಪೀಕರ್, ಟಿವಿ, ಇವುಗಳ ಒಳಗೆ ಫೇಸಿನಿಂದ ಅರ್ಥಿಗೂ ನ್ಯೂಟ್ರಲಿನಿಂದ ಅರ್ಥಿಗೂ ಚಿಕ್ಕ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಒಂಚೂರು ಕರೆಂಟು ಯಾವಾಗಲೂ ಸೋರುತ್ತದೆ, ಅದು ದೋಷವಲ್ಲ, ಹಾಗೇ ಮಾಡಿರುತ್ತಾರೆ. ಆ ಸೋರಿಕೆ ಅರ್ಥ್ ವೈರಿನಲ್ಲಿ ಇಳಿದು ಹೋಗಬೇಕು. ನನ್ನ ರೂಮಿನಲ್ಲಿ ಹೋಗಲು ದಾರಿ ಇಲ್ಲ. ಎರಡು ಕೆಪಾಸಿಟರುಗಳ ನಡುವೆ ಸಿಕ್ಕಿಬಿದ್ದ ಆ ಹಸಿರು ವೈರು 232ರ ಅರ್ಧಕ್ಕೆ ಬಂದು ತೇಲುತ್ತಿತ್ತು. ಅದಕ್ಕೇ ಆ 120, ಆ 110. ಮೂರು ಬೋರ್ಡಿನ ಸೋರಿಕೆಯೂ ಸೇರಿ ಚಾರ್ಜರಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಯುಎಸ್‌ಬಿಯಲ್ಲಿ ಇಂಟರ್‌ಫೇಸಿಗೆ, ಅಲ್ಲಿಂದ ಮೈಕಿನ ವೈರಿನೊಳಗಿನ ಲೋಹದ ಹೊದಿಕೆಗೆ, ಕೊನೆಗೆ ನನ್ನ ತುಟಿಗೆ. ಮಕ್ಕಳಿಗೆ ಕೇಳಿಸಿದ ತಂಬೂರಿಯೂ ಅದೇ, ನನಗೆ ಕಚ್ಚಿದ ಇರುವೆಯೂ ಅದೇ.

ಸೋರಿಕೆ ಚಿಕ್ಕದು, ಆದ್ದರಿಂದ ಜುಮ್ ಅಂದಿತು. ಆದರೆ ಅದೇ ರೂಮಿನ ಯಾವುದೋ ಒಂದು ಉಪಕರಣದ ಒಳಗೆ ಫೇಸ್ ವೈರು ಸವೆದು ಲೋಹದ ಮೈಗೆ ತಾಗಿದ್ದರೆ, ಮೂರೂ ಬೋರ್ಡಿಗೆ ಹೋಗಿರುವ ಆ ಹಸಿರು ವೈರಿನಿಂದಾಗಿ ರೂಮಿನಲ್ಲಿರುವ ಪ್ರತಿಯೊಂದು ಲೋಹದ ವಸ್ತುವಿಗೂ, ನನ್ನ ಮೈಕಿಗೂ ಸೇರಿ, ಪೂರ್ತಿ 230 ವೋಲ್ಟ್ ಬಂದಿರುತ್ತಿತ್ತು. ಇದನ್ನು ಅವರು ಹೇಳಿದ ದಿನ ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕೆಳಗಿನ ಅರ್ಥ್ ಗುಂಡಿ ಎಲ್ಲಿದೆ ಎನ್ನುವುದು ಇನ್ನೊಂದು ಕತೆ. ಕಾರು ನಿಲ್ಲಿಸಲು ಅಂಗಳಕ್ಕೆ ಟೈಲ್ಸ್ ಹಾಕಿಸಿದಾಗ ಅದನ್ನೂ ಮುಚ್ಚಿಬಿಟ್ಟಿದ್ದೆವು. ಬೇಸಿಗೆಯಲ್ಲಿ ತಾನು ನೀರು ಹಾಕುತ್ತಿದ್ದ ಜಾಗ ಹೆಂಡತಿಗೆ ನೆನಪಿತ್ತು, ಅಲ್ಲಿ ಎರಡು ಟೈಲ್ಸ್ ಒಡೆದರೆ ಜಿಐ ಪೈಪ್ ಸಿಕ್ಕಿತು, ಕ್ಲಾಂಪ್ ತುಕ್ಕು ಹಿಡಿದು ಕೈಗೇ ಬಂತು. ಇದ್ದಿಲು, ಉಪ್ಪು ಮತ್ತೆ ತುಂಬಿ, ಕ್ಲಾಂಪ್ ಬದಲಿಸಿ, ಹೊಸ ಹಸಿರು ವೈರನ್ನು ಮಹಡಿಯವರೆಗೆ ಎಳೆಸಿದೆ. ಈಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೂವರೆ ವೋಲ್ಟ್. ಇರುವೆ ಹೋಯಿತು. ಗುಂಯ್ ಎಷ್ಟು ಇಳಿಯಿತೆಂದರೆ ಸ್ಪೆಕ್ಟ್ರಮ್‌ನಲ್ಲಿ ಹುಡುಕಬೇಕು. ಇಷ್ಟಕ್ಕೂ ಖರ್ಚಾದ ದುಡ್ಡು ಆ ಎರಡನೆಯ ಮೈಕಿಗಿಂತ ಕಡಿಮೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ದಸರಾ ರಜೆಗೆ ಅಣ್ಣನ ಮಗ ಗಿಟಾರ್ ತಂದ. ಅವನ ಆಂಪ್ ಅನ್ನು (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ಕೆಳಗಿನ ಹಾಲಿನಿಂದ ಎಕ್ಸ್‌ಟೆನ್ಷನ್ ಎಳೆದು ಸಿಕ್ಕಿಸಿ, ಅದರಿಂದ ಒಂದು ವೈರನ್ನು ನನ್ನ ಇಂಟರ್‌ಫೇಸಿಗೆ ಹಾಕಿದ. ಗುಂಯ್ ಮತ್ತೆ ಬಂತು! ಈ ಸಲ ಅರ್ಥ್ ಇಲ್ಲದ್ದಕ್ಕಲ್ಲ, ಎರಡು ದಾರಿಯಲ್ಲಿ ಇದ್ದದ್ದಕ್ಕೆ. ಆಂಪಿಗೆ ಒಂದು ಬೋರ್ಡಿನ ಅರ್ಥ್, ಲ್ಯಾಪ್‌ಟಾಪಿಗೆ ಇನ್ನೊಂದು ಬೋರ್ಡಿನದು, ಇವೆರಡನ್ನೂ ಆಡಿಯೊ ವೈರು ಸೇರಿಸಿದಾಗ ಒಂದು ದೊಡ್ಡ ಬಳೆಯ ಹಾಗಾಗಿ ಅದರಲ್ಲಿ ಕರೆಂಟು ಸುತ್ತುತ್ತದೆ. ಗ್ರೌಂಡ್ ಲೂಪ್ ಅನ್ನುತ್ತಾರೆ. ಹುಡುಗ ಫೋನಿನಲ್ಲಿ ಹುಡುಕಿ, "ಚಿಕ್ಕಪ್ಪ, ಆಂಪಿನ ಮೂರನೇ ಪಿನ್ನಿಗೆ ಟೇಪ್ ಸುತ್ತಿದ್ರೆ ಹೋಗುತ್ತಂತೆ" ಅಂದ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಹೌದು, ಹೋಗುತ್ತದೆ. ಆದರೆ ಗಿಟಾರಿನ ತಂತಿ ಆಂಪಿನ ಲೋಹದ ಮೈಗೆ ಸೇರಿರುತ್ತದೆ, ಅದನ್ನು ಹಿಡಿದಿರುವುದು ಹುಡುಗನ ಕೈ, ಅವನ ತುಟಿ ಇನ್ನೊಂದು ಅರ್ಥಿಗೆ ಸೇರಿದ ಮೈಕಿನ ಹತ್ತಿರ. ಆಂಪ್ ಒಳಗೆ ಏನಾದರೂ ಕೆಟ್ಟರೆ ನಡುವೆ ಇರುವವನು ಅವನೇ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಚಿಕ್ಕ ಪ್ಲಗ್ಗುಗಳನ್ನು ಅಂಗಡಿಗಳಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಮಾರುತ್ತಾರಲ್ಲ, ಅವೂ ಇದೇ ಕೆಲಸ ಮಾಡುವುದು. ಗಣೇಶನ ಪೆಂಡಾಲಿನಲ್ಲಿ ಪ್ಲಗ್ಗೇ ಇಲ್ಲದ ಎರಡು ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನಾವೆಲ್ಲ ನೋಡಿದ್ದೇವೆ, ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ಹಾಡುವವರು ಮೈಕಿಗೆ ಕರ್ಚೀಫ್ ಸುತ್ತಿ ಹಿಡಿಯುವುದನ್ನೂ ನೋಡಿದ್ದೇವೆ. ಅದನ್ನು ಗಾಯಕರ ಸ್ಟೈಲು ಎಂದುಕೊಂಡಿದ್ದೆ ನಾನು.

ಸರಿಯಾದ ಉಪಾಯ ಕಷ್ಟದ್ದೇನಲ್ಲ. ಒಂದಕ್ಕೊಂದು ಆಡಿಯೊ ವೈರಿನಿಂದ ಸೇರಿರುವ ಎಲ್ಲವನ್ನೂ ಒಂದೇ ಬೋರ್ಡಿನಿಂದ, ಒಂದೇ ಸ್ಪೈಕ್ ಗಾರ್ಡಿನಿಂದ ತೆಗೆದುಕೊಳ್ಳಿ, ಅಷ್ಟಕ್ಕೇ ಬಳೆ ಚಿಕ್ಕದಾಗುತ್ತದೆ. ಬ್ಯಾಲೆನ್ಸ್ಡ್ ವೈರು ಬಳಸಿ. ಅದರಲ್ಲಿ ಸದ್ದು ಎರಡು ತಂತಿಯಲ್ಲಿ ಹೋಗುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ದಾರಿಯಲ್ಲಿ ಬಿದ್ದ ಕೊಳಕು ಎರಡಕ್ಕೂ ಒಂದೇ ಥರ ಬೀಳುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಕೊಳಕು ಕಳೆದು ಹೋಗಿ ಸದ್ದು ಉಳಿಯುತ್ತದೆ. ಗಿಟಾರಿಗೆ, ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಹಾಕಿದ ವೀಣೆ ಪಿಟೀಲಿಗೆ ಡಿಐ ಬಾಕ್ಸ್ ಎನ್ನುವ ಚಿಕ್ಕ ಡಬ್ಬಿ ಸಿಗುತ್ತದೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥದ್ದು ನೋಡಿ ತನ್ನಿ. ಅದರ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ, ಅದು ಆಡಿಯೊ ವೈರಿನ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ಥನ್ನು ಮುಟ್ಟುವುದಿಲ್ಲ. ಬಿಡಿಸುವುದಿದ್ದರೆ ಅಲ್ಲಿ ಬಿಡಿಸಿ, ಗೋಡೆಯಲ್ಲಿ ಅಲ್ಲ. ಯುಪಿಎಸ್ ಬಗ್ಗೆ ಒಂದೇ ಮಾತು. ಸ್ಕ್ವೇರ್ ವೇವ್‌ನದು ಇದ್ದರೆ, ಅಂದರೆ ಚೌಕದ ಹಾಗಿನ ಚೂಪಾದ ಅಂಚಿನ ಅಲೆಯ ಕರೆಂಟು ಕೊಡುವಂಥದ್ದು, ಕರೆಂಟ್ ಹೋದಾಗ ರೆಕಾರ್ಡಿಂಗ್ ನಿಲ್ಲಿಸಿ ಕಾಫಿ ಕುಡಿಯಿರಿ.

ಇನ್ನು ಸಂಬಂಧಪಟ್ಟವರಿಗೆ ನನ್ನ ಮನವಿ. ಹೊಸ ಮನೆಗೆ ಸಂಪರ್ಕ ಕೊಡುವಾಗ ಗುತ್ತಿಗೆದಾರರ ವೈರಿಂಗ್ ವರದಿ ಕೇಳುತ್ತಾರೆ. ಹತ್ತು ವರ್ಷದ ಮೇಲೆ ಮಹಡಿಯಲ್ಲಿ ಒಂದು ರೂಮು ಎಬ್ಬಿಸಿದರೆ ಯಾರೂ ಕೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಹಾಗೆ ಸೇರಿಸಿದ ರೂಮುಗಳಲ್ಲೇ ಈಗ ಮಕ್ಕಳ ಆನ್‌ಲೈನ್ ಕ್ಲಾಸು, ಸಂಗೀತ ಪಾಠ, ಪಾಡ್‌ಕಾಸ್ಟು ಎಲ್ಲ ನಡೆಯುತ್ತಿರುವುದು. ಸೇರಿಸಿದ ವೈರಿಂಗಿಗೂ ಒಂದು ಪರೀಕ್ಷೆ ಇರಲಿ. ಅದಾಗುವವರೆಗೆ, ಮೀಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಪ್ರತಿ ಮೂರು ಪಿನ್ನಿನ ಸಾಕೆಟ್ಟಿನಲ್ಲೂ ಆ ಮೂರು ಅಳತೆ ಮಾಡಿಸಿ, ಒಂದು ಸಾಕೆಟ್ಟಿಗೆ ಒಂದು ನಿಮಿಷ ಸಾಕು. ಬರೀ ಟೆಸ್ಟರ್ ಸಾಲದು, ಅದು ಫೇಸ್ ಇದೆಯಾ ಎಂದಷ್ಟೇ ಹೇಳುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಅರ್ಥ್ ಇದ್ದರೆ ಸೋರಿಕೆ ಶುರುವಾದ ಕೂಡಲೇ ಅದು ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ.

ಹಳೆಯ ಪಾಠಗಳನ್ನೆಲ್ಲ ಮೊದಲಿನಿಂದ ಮತ್ತೆ ಓದುತ್ತಿದ್ದೇನೆ. ಹನ್ನೊಂದನೆಯದು ನಿನ್ನೆ ಮುಗಿಯಿತು. ಆ ಹುಡುಗಿ ಕೇಳಿ, ತಂಬೂರಿ ಇಲ್ಲ ಸರ್, ಆದರೆ ನಾಲ್ಕನೇ ಪಾಠದಲ್ಲಿ ಒಂದು ಸಲ ಕುಕ್ಕರ್ ಕೂಗಿದೆ ಅಂದಳು. ಅದನ್ನೂ ಮತ್ತೆ ಓದಬೇಕು.

ಇಂತಿ,
ನಿಮ್ಮ ಹಳೆಯ ಓದುಗ,
ಮೈಸೂರು